ಬ್ಯಾರನ್ನಿನಲ್ಲಿ ಕೂತು ಕಲಿತ ಮಲಯಾಳಂ

ಮೊದಲ ಎರಡು ಪಾಠಗಳನ್ನು ನಾನು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಬೆಳಿಗ್ಗೆ ಏಳೂವರೆಗೆ ಟೀಚರ್ ವೀಡಿಯೊ ಕರೆ ಮಾಡುತ್ತಾರೆ ಎಂದು ಗೊತ್ತಿತ್ತು. ಏಳಕ್ಕೇ ಸ್ನಾನ ಮುಗಿಸಿ, ತಲೆ ಬಾಚಿ, ಮದುವೆಮನೆಗೆ ಹಾಕುವ ಬಿಳಿ ಶರಟು ಹಾಕಿಕೊಂಡು ಕೂತಿದ್ದೆ. ಕೆಳಗೆ ಮಾತ್ರ ಹಳೇ ಪಂಚೆ, ಅದು ಕಾಣಿಸುವುದಿಲ್ಲವಲ್ಲ. ಫೋನು ರಿಂಗಾಯಿತು. ಕೆಂಪು ಗುರುತು ಒತ್ತಿ, ‘ನೆಟ್‌ವರ್ಕ್ ಇಲ್ಲ ಮೇಡಂ’ ಅಂತ ಮೆಸೇಜು ಹಾಕಿದೆ. ಎರಡನೇ ಸಲವೂ ಅದನ್ನೇ ಮಾಡಿದೆ. ಮೂರನೇ ದಿನ ಆಕೆಯಿಂದ ಉತ್ತರ ಬಂತು: ‘ನೆಟ್‌ವರ್ಕ್ ಇಲ್ಲ ಅಂತ ಹೇಳ್ಲಿಕ್ಕೂ ನೆಟ್‌ವರ್ಕ್ ಬೇಕಲ್ವಾ? ನಾಳೆ ಕರೆ ತೆಗೀರಿ. ಮಾತಾಡದಿದ್ದರೂ ಪರವಾಗಿಲ್ಲ.’

ನಾನು ಮಾತಿಗೆ ಹೆದರುವವನಲ್ಲ. ಪಿರಿಯಾಪಟ್ಟಣದಿಂದ ಹುಣಸೂರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಹೊಗೆಸೊಪ್ಪು ಬೆಳೆಯುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಅಂತ ಊರಿಗೆಲ್ಲ ಗೊತ್ತು. ಹರಾಜು ಕಟ್ಟೆಯಲ್ಲಿ ದರ ಇಳಿಸಿ ಕೂಗಿದರೆ ಅಷ್ಟು ಜನರ ಮುಂದೆ ಜಗಳಕ್ಕೆ ನಿಂತವನು ನಾನು. ಅಂಥವನು ಐವತ್ತನಾಲ್ಕನೇ ವಯಸ್ಸಿನಲ್ಲಿ ಅಂಗೈಯಗಲದ ಫೋನಿನ ಮುಂದೆ ಬೆವರಿದೆ ಅಂದರೆ ಯಾರೂ ನಂಬುವುದಿಲ್ಲ. ನಂಬದಿರುವುದೇ ಒಳ್ಳೆಯದು ಅಂತಲೇ ಯಾರಿಗೂ ಹೇಳಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ನನ್ನ ಮಗಳು. ಒಬ್ಬಳೇ ಮಗಳು, ನರ್ಸು. ಮೈಸೂರಿನಲ್ಲಿ ಜೊತೆಗೆ ಓದಿದ ಮಲಯಾಳಿ ಹುಡುಗನನ್ನು ಮೆಚ್ಚಿದಳು. ನಾನು ಒಂದು ತಿಂಗಳು ಮುಖ ಊದಿಸಿಕೊಂಡಿದ್ದೆ, ಆಮೇಲೆ ಒಪ್ಪಿ ಪಿರಿಯಾಪಟ್ಟಣದ ಛತ್ರದಲ್ಲೇ ಮದುವೆ ಮಾಡಿಕೊಟ್ಟೆ. ಈಗ ಗಂಡ ಹೆಂಡತಿ ಮಾನಂದವಾಡಿಯ ಹತ್ತಿರ, ಅಳಿಯನ ತಾಯಿಯ ಜೊತೆ ಇದ್ದಾರೆ. ಆಕೆಯೂ ನನ್ನಂತೆ ಒಂಟಿ. ಗಂಡ ತೀರಿಕೊಂಡ ಮೇಲೆ ಟೀ ತೋಟದಲ್ಲಿ ಸೊಪ್ಪು ಕೊಯ್ದು ಮಗನನ್ನು ಓದಿಸಿದವರು.

ನನ್ನ ಹೆಂಡತಿ ಹೋದಾಗ ಮಗಳಿಗೆ ಹದಿನಾಲ್ಕು ವರ್ಷ. ಅವಳ ಜಡೆ ಹಾಕಲು ನನಗೆ ಬರುತ್ತಿರಲಿಲ್ಲ, ಬಾಬ್ ಮಾಡಿಸಿಬಿಟ್ಟಿದ್ದೆ. ಮದುವೆಯಾಗಿ ಹೋದ ಮೇಲೆ ಫೋನಿನಲ್ಲಿ ಮಾತೆತ್ತಿದರೆ ಅತ್ತೆಯ ಸುದ್ದಿ. ಅತ್ತೆ ತಲೆಗೆ ಎಣ್ಣೆ ಒತ್ತಿದರು, ಅತ್ತೆ ಡ್ಯೂಟಿಗೆ ಡಬ್ಬಿ ಕಟ್ಟಿಕೊಟ್ಟರು, ಅತ್ತೆ ಹತ್ತಿರ ಮೀನು ಸಾರು ಕಲಿತೆ. ಕೇಳಿ ನನಗೆ ಹೊಟ್ಟೆಯುರಿಯುತ್ತಿತ್ತು, ನೆಮ್ಮದಿಯೂ ಆಗುತ್ತಿತ್ತು.

ಆದರೆ ಆ ಬೀಗಿತಿ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಭಾಷೆ ಬರುವುದಿಲ್ಲ ಸರಿ. ಆದರೂ ಮನುಷ್ಯರು ನಗುವುದಿಲ್ಲವೇ, ಕೈ ಮುಗಿಯುವುದಿಲ್ಲವೇ? ಮಗಳು ವೀಡಿಯೊ ಕರೆಯಲ್ಲಿ ಫೋನನ್ನು ಅವರ ಕಡೆ ತಿರುಗಿಸಿದರೆ ಎದ್ದು ಒಳಗೆ ಹೋಗುವರು. ನಮ್ಮ ಮನೆಗೆ ಕರೆದಾಗಲೆಲ್ಲ ಒಂದು ನೆಪ. ಎರಡು ವರ್ಷ ಹೀಗೇ ಆಯಿತು. ಎಷ್ಟು ಕೊಬ್ಬು ಈ ಹೆಂಗಸಿಗೆ ಅಂದುಕೊಂಡು ನಾನೂ ಅತ್ತ ತಲೆ ಹಾಕಲಿಲ್ಲ.

ಆಮೇಲೆ ಮಗಳು ಬಸುರಿಯಾದಳು. ಐದು ತಿಂಗಳು ತುಂಬಿದಾಗ ಒಂದು ದಿನ ಫೋನು ಮಾಡಿದಳು.

“ಅಪ್ಪ, ಮೊದಲ್ನೇ ಬಾಣಂತನ ನಮ್ಮನೇಲೇ ಆಗ್ಬೇಕು. ಆದ್ರೆ ನಂಗೆ ಅತ್ತೆನೂ ಬೇಕು ಕಣಪ್ಪ. ಅವ್ರು ನಮ್ಮನೆಗೆ ಬಂದು ಮೂರು ತಿಂಗ್ಳು ಇರ್ಬೇಕು.”

“ಕರ್ಕೊಂಡು ಬಾ. ಬ್ಯಾಡ ಅಂದೋರ್ಯಾರು?”

“ನಾನು ಕರುದ್ರೆ ಏನೇನೋ ನೆಪ ಹೇಳ್ತಾರೆ. ನೀನೇ ಬಂದು ಕರಿ. ನೀನು ಕರೀದೆ ಅವ್ರು ಬರಲ್ಲ.” ಸ್ವಲ್ಪ ತಡೆದು ಅಂದಳು, “ನಂಗೆ ಭಯ ಆಯ್ತದೆ ಅಪ್ಪ.”

ದಿನಾ ಹೆರಿಗೆ ನೋಡುವ ನರ್ಸು ಭಯ ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ. ಮಿರ್ಲೆಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅವಳ ಮಂಡಿ ಕೂತರೆ ಏಳದು, ಎದ್ದರೆ ಕೂರದು. ಬಾಣಂತನಕ್ಕೆ ಅವಳನ್ನು ನೆಚ್ಚುವಂತಿರಲಿಲ್ಲ. ಬುದ್ಧಿ ಹೇಳಲು ಮಾತ್ರ ಅವಳಿಗೆ ಯಾವ ನೋವೂ ಇಲ್ಲ.

“ನಿನ್ನ ಬಾಯಿ ಸುಮ್ನಿರಕಿಲ್ಲ, ಏನೋ ಅಂದಿದ್ದೀಯ ಕಣ್ಲಾ. ಎಣ್ಮಕ್ಳು ಸುಮ್‌ಸುಮ್ನೆ ಮುಕ ತಿರುಗ್ಸಕಿಲ್ಲ,” ಅಂದಳು.

“ಏನಂದೆ ನಾನು? ಮದ್ವೆ ದಿನ ತಿಂಡಿ ಆಯ್ತಾ ಅಂದೆ. ಅದ್ಬುಟ್ರೆ ಒಂದು ಮಾತು ಆಡಿಲ್ಲ.”

“ಅಂಗಾದ್ರೆ ಓಗಿ ಅವರ ಮಾತಲ್ಲೇ ಕರಿ. ಕಲ್ತ್ಕೊ.”

ಅಕ್ಕ ತಮಾಷೆಗೆ ಅಂದಿದ್ದು. ನನಗೆ ಅದೇ ಹಿಡಿದುಕೊಂಡಿತು. ನಮ್ಮ ಸುತ್ತ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ಮಲಯಾಳಿಗಳು ಬೇಕಾದಷ್ಟು ಜನ ಇದ್ದಾರೆ. ಅವರ ಹತ್ತಿರ ಕಲಿತರೆ ಮಾರನೇ ಬೆಳಿಗ್ಗೆ ಹೋಟೆಲಿನಲ್ಲಿ ಅದೇ ಸುದ್ದಿ. ಅದಕ್ಕೇ ಫೋನಿನಲ್ಲಿ ಹುಡುಕಿದೆ. ಕಾಸರಗೋಡಿನ ಕಡೆಯ ಒಬ್ಬ ನಿವೃತ್ತ ಟೀಚರ್ ಸಿಕ್ಕಿದರು, ಕನ್ನಡ, ಮಲಯಾಳಂ ಎರಡೂ ಬಲ್ಲವರು. ಯಾರಿಗೂ ಕೇಳಿಸದಿರಲಿ ಎಂದು ಪಾಠಕ್ಕೆ ಬ್ಯಾರನ್ನು ಗೊತ್ತುಮಾಡಿಕೊಂಡೆ. ಬ್ಯಾರನ್ನು ಅಂದರೆ ಹೊಗೆಸೊಪ್ಪನ್ನು ಶಾಖ ಕೊಟ್ಟು ಬೇಯಿಸುವ ಎತ್ತರದ ಕಟ್ಟಡ. ಸೊಪ್ಪಿನ ಕೆಲಸ ಮುಗಿದು ಅದು ಖಾಲಿ ಬಿದ್ದಿತ್ತು. ಬಾಗಿಲ ಹತ್ತಿರ ಮಾತ್ರ ಸಿಗ್ನಲ್ಲು ಬರುತ್ತಿತ್ತು. ಗೊಬ್ಬರದ ಚೀಲದ ಮೇಲೆ ಫೋನು ನಿಲ್ಲಿಸಿ ಕೂರುತ್ತಿದ್ದೆ.

ಮೂರನೇ ಸಲ ಕರೆ ಬಂದಾಗ ತೆಗೆದೆ. ಆದರೆ ಕ್ಯಾಮೆರಾದ ಮೇಲೆ ಹೆಬ್ಬೆರಳು ಇಟ್ಟುಬಿಟ್ಟೆ. ಆ ಕಡೆ ಕನ್ನಡಕ ಹಾಕಿದ, ನರೆತ ಕೂದಲಿನ ಹೆಂಗಸು. ಹಿಂದೆ ಅಡುಗೆಮನೆ, ಕುಕ್ಕರ್ ಕೂಗುತ್ತಿತ್ತು.

“ಕತ್ತಲೆ ಕಾಣ್ತಾ ಉಂಟು. ನೀವು ಉಂಟಾ ಅಲ್ಲಿ?”

“ಇದ್ದೀನಿ ಮೇಡಂ.”

“ಮೇಡಂ ಬೇಡ, ಟೀಚರ್ ಸಾಕು. ಬೆರಳು ಎಂತಕ್ಕೆ ಇಟ್ಟದ್ದು?”

ನಿಜ ಹೇಳಿದೆ. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷ್ ಓದಲು ನಿಲ್ಲಿಸಿ ಮೇಷ್ಟ್ರು ಇಡೀ ತರಗತಿಯನ್ನು ನಗಿಸಿದ್ದರು. ಅವತ್ತಿನಿಂದ ಬಾರದ ಭಾಷೆ ಆಡಬೇಕಾಗಿ ಬಂದರೆ ನಾಲಿಗೆ ಒಣಗುತ್ತದೆ ಅಂದೆ. ಆಕೆ ನಗಲಿಲ್ಲ. “ಬೆರಳು ಇರ್ಲಿ. ಕೈ ನೋವಾದಾಗ ತೆಗೀರಿ,” ಅಂದರು. ಹತ್ತು ನಿಮಿಷಕ್ಕೆ ಕೈ ನೋಯಿತು, ತೆಗೆದೆ.

ಹೆದರಿಕೆ ಒಂದೇ ದಿನಕ್ಕೆ ಹೋಗಲಿಲ್ಲ. ದಿನಾ ಕರೆ ಬರುವ ಮುಂಚೆ ಎರಡು ಸಲ ಹಿತ್ತಲಿಗೆ ಹೋಗಿ ಬರುತ್ತಿದ್ದೆ. ತಪ್ಪು ಹೇಳಿದಾಗ ನನ್ನ ಮೇಲೆ ನನಗೇ ಸಿಟ್ಟು ಬಂದು, “ಬುಡಿ ಟೀಚರ್, ಇದು ನನ್ನ ತಲೆಗೆ ಹತ್ತಕಿಲ್ಲ,” ಅನ್ನುತ್ತಿದ್ದೆ. ಮಲಯಾಳದಲ್ಲಿ ಒಂದು ‘ೞ’ ಇದೆ, ನಾಲಿಗೆ ಮಡಿಸಿ ಎಲ್ಲಿಗೂ ತಾಗಿಸದೆ ಹೇಳಬೇಕು. ಊಟ ಮಾಡಿದಿರಾ ಅಂತ ಕೇಳುವ ‘ಕೞಿಚ್ಚೋ’ ಅನ್ನುವ ಮಾತಿನಲ್ಲೇ ಅದು ಬರುತ್ತದೆ. ನಾನು ಹೇಳಿದರೆ ‘ಕಳಿಚ್ಚೋ’ ಅಂತಾಗುತ್ತಿತ್ತು, ಅಂದರೆ ಆಟ ಆಡಿದಿರಾ. “ಈ ವಯಸ್ಸಿನವರನ್ನು ಹಾಗೆ ಕೇಳಬಾರದು,” ಅಂದರು ಟೀಚರ್. ಆಗ ಇಬ್ಬರೂ ನಕ್ಕೆವು. ಫೋನಿನಲ್ಲಿ ನನ್ನ ಮುಖ ನಗುವುದನ್ನು ನಾನು ಅವತ್ತೇ ನೋಡಿದ್ದು.

ಎರಡನೇ ವಾರ ಆಕೆ ಕೇಳಿದರು, “ಇಷ್ಟು ಕಷ್ಟಪಟ್ಟು ಯಾರ ಜೊತೆ ಮಾತಾಡ್ಲಿಕ್ಕೆ ಕಲೀತಾ ಇದ್ದೀರಿ?”

ಬೀಗಿತಿಯ ಕಥೆ ಹೇಳಿದೆ. ಕಥೆಯೇನು, ದೂರು. ಹೆಣ್ಣಿನ ತಂದೆ ನಾನು, ಮದುವೆಯ ಬೆಳಿಗ್ಗೆ ನಮ್ಮ ಕಡೆ ಬಂದವರನ್ನೆಲ್ಲ ತಿಂಡಿ ಆಯ್ತಾ ಅಂತ ಕೇಳಬೇಕು, ಕೇಳದಿದ್ದರೆ ತಪ್ಪು. ಬೀಗಿತಿ ಊಟದ ಮನೆಯ ಬಾಗಿಲಲ್ಲಿ ಒಬ್ಬರೇ ಕೂತಿದ್ದರು. ಹೋಗಿ ಕೈ ಮುಗಿದು ಕೇಳಿದೆ. ಸುಮ್ಮನೆ ನೋಡಿದರು. ವಾಲಗದ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಜೋರಾಗಿ ಕೇಳಿದೆ, ಅರ್ಥವಾಗಲಿ ಎಂದು ಕೈಸನ್ನೆಯನ್ನೂ ಮಾಡಿದೆ. ಎದ್ದು ಹೊರಗೆ ಹೋದವರು ಮಧ್ಯಾಹ್ನದ ಊಟಕ್ಕೂ ಕೂರಲಿಲ್ಲ. ತಲೆನೋವು ಅಂತೆ. ನಾನು ಅಷ್ಟು ಮರ್ಯಾದೆಯಿಂದ ಕೇಳಿದ್ದಕ್ಕೆ ಇದು ಆಕೆ ಕೊಟ್ಟ ಉತ್ತರ ಅಂದೆ.

ಟೀಚರ್ ಕನ್ನಡಕ ತೆಗೆದರು. “ಅವತ್ತು ಹೇಗೆ ಕೇಳಿದ್ದೋ ಹಾಗೇ ಇನ್ನೊಮ್ಮೆ ಕೇಳಿ. ಸನ್ನೆ ಸಮೇತ.”

“ತಿಂಡಿ. ತಿಂಡಿ ಆಯ್ತಾ?” ಅಂದೆ. ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದೆ.

ಆಕೆ ಮೆಲ್ಲಗೆ ವಿವರಿಸಿದರು. ಮಲಯಾಳದಲ್ಲಿ ‘ತೆಂಡಿ’ ಅಂದರೆ ಭಿಕ್ಷುಕ. ಬೈಗುಳವಾಗಿಯೂ ಆಡುತ್ತಾರೆ. ‘ಆಯಿ’ ಅಂದರೆ ಆದರು, ಆಗಿಬಿಟ್ಟರು ಎಂದು. ಕನ್ನಡ ಬಾರದ ಹೆಂಗಸಿಗೆ, ವಾಲಗದ ಸದ್ದಿನಲ್ಲಿ, ನಮ್ಮ ತಿಂಡಿ ಆಯ್ತಾ ಏನಾಗಿ ಕೇಳಿಸಿರಬೇಕು? ಭಿಕ್ಷೆಯವಳಾದೆಯಾ ಎಂದು. ಜೊತೆಗೆ ಬಾಯಿಗೆ ಕೈ ತೋರಿಸಿದ್ದು, ಬೀದಿಯಲ್ಲಿ ಬೇಡುವವರು ತೋರಿಸುವ ಹಾಗೆ.

ನನಗೆ ಮೊದಲು ಬಂದದ್ದು ಕೋಪವೇ. “ನಮ್ಮ ಮಾತು ನಾನಾಡ್ದೆ. ಅವ್ರು ಏನಾರ ತಿಳ್ಕೊಂಡ್ರೆ ನಾನೇನ್ ಮಾಡ್ಲಿ?” ಅಂದು ಕರೆ ಕತ್ತರಿಸಿದೆ. ಹೊರಗೆ ಬಂದು ಹೊಲದ ಬದುವಿನ ಮೇಲೆ ಸುಮ್ಮನೆ ನಡೆದೆ. ನಡೆಯುತ್ತಾ ಬೀಗಿತಿಯ ಅವತ್ತಿನ ಮುಖ ಕಣ್ಣಿಗೆ ಬಂತು. ಮಗನ ಮದುವೆಯ ದಿನ, ಒಬ್ಬರೇ ಕೂತಿರುವಾಗ, ಸೊಸೆಯ ಅಪ್ಪ ಬಂದು ನಿಂತು ಎರಡೆರಡು ಸಲ ಹಾಗಂದ. ಆಕೆ ಅದನ್ನು ಮಗನಿಗೂ ಹೇಳಿಲ್ಲ, ನನ್ನ ಮಗಳಿಗೂ ಹೇಳಿಲ್ಲ. ನನ್ನ ಮಗಳ ತಲೆಗೆ ಎಣ್ಣೆ ಒತ್ತಿಕೊಂಡು ಎರಡು ವರ್ಷ ಸುಮ್ಮನಿದ್ದಾರೆ. ನನಗೆ ಬಹಳ ನಾಚಿಕೆಯಾಯಿತು.

ಮೂರು ದಿನ ಟೀಚರ್ ಕರೆಯನ್ನು ತೆಗೆಯಲಿಲ್ಲ. ಮೊದಲು ಮಾತು ಬಾರದು ಅಂತ ಹೆದರಿಕೆ ಇತ್ತು, ಈಗ ಬಾಯಿ ಬಿಟ್ಟರೆ ಇನ್ನೇನು ಅನಾಹುತವಾಗುತ್ತದೋ ಅಂತ ಹೆದರಿಕೆ. ಮಗಳಿಗೇ ಹೇಳಿ ಅವಳಿಂದ ಹೇಳಿಸಿಬಿಡೋಣ ಅಂದುಕೊಂಡೆ. ಆದರೆ ಬೀಗಿತಿ ಅಷ್ಟು ಜೋಪಾನವಾಗಿ ಮುಚ್ಚಿಟ್ಟಿದ್ದನ್ನು ನಾನು ಯಾವ ಬಾಯಿಂದ ಬಿಚ್ಚಲಿ? ನಾಲ್ಕನೇ ದಿನ ಟೀಚರ್ ಮತ್ತೆ ಮಾಡಿದರು.

“ಗೊತ್ತಿಲ್ಲದೆ ಆದದ್ದು, ಬಿಡಿ. ಈಗ ಗೊತ್ತಾಯ್ತಲ್ಲ. ನೀವೇ ಹೋಗಿ ಹೇಳ್ಬೇಕು.”

“ಅಲ್ಲಿ ಮರ್ತೋದ್ರೆ ಟೀಚರ್?”

“ಮರೆತರೆ ನಿಂತು ನೆನಪು ಮಾಡಿಕೊಳ್ಳಿ. ಅವರು ಓಡಿಹೋಗ್ಲಿಕ್ಕಿಲ್ಲ.”

ಆಮೇಲೆ ಪಾಠದ ರೀತಿಯೇ ಬದಲಾಯಿತು. ಆಕೆ ಬೀಗಿತಿಯಾಗಿ ಕೂರುತ್ತಿದ್ದರು, ನಾನು ನಾನಾಗಿ. ಒಂದು ದಿನ ಸಿಡುಕುವ ಬೀಗಿತಿ, ಒಂದು ದಿನ ಮುಖ ತಿರುಗಿಸುವ ಬೀಗಿತಿ, ಇನ್ನೊಂದು ದಿನ ಗಡಗಡ ಮಾತಾಡುವ ಬೀಗಿತಿ. ಮೊದಲೆರಡನ್ನು ನಾನು ನಿಭಾಯಿಸಿದೆ. ಗಡಗಡ ಮಾತಿಗೆ ಮಾತ್ರ ಕಂಗಾಲಾದೆ. ಆಗ ಆಕೆ ‘ಪದುಕ್ಕೆ ಪರಯೂ’ ಅನ್ನುವುದನ್ನು ಹೇಳಿಕೊಟ್ಟರು. ನಿಧಾನಕ್ಕೆ ಹೇಳಿ ಅಂತ. “ಬೀಗಿತಿ ಅನ್ನಬೇಡಿ, ಚೇಚ್ಚಿ ಅನ್ನಿ. ಅಕ್ಕ ಅಂದ ಹಾಗೆ,” ಅಂದರು. ಕ್ಷಮೆ ಕೇಳುವ ಒಂದು ಮಾತು, ಅವತ್ತು ಕೇಳಿದ್ದು ಏನು ಅಂತ ಬಿಡಿಸಿ ಹೇಳುವ ಒಂದು ಮಾತು, ಮನೆಗೆ ಕರೆಯುವ ಒಂದು ಮಾತು. ಮೂರನ್ನೂ ಹೊಲದಲ್ಲಿ, ಬಚ್ಚಲಲ್ಲಿ, ಬಸ್ಸಿನಲ್ಲಿ ಹೇಳಿಕೊಂಡೆ. ಪಕ್ಕದ ಜಮೀನಿನವನು ನನಗೆ ಗಾಳಿ ಮೆಟ್ಟಿಕೊಂಡಿದೆ ಅಂದನಂತೆ.

ಏಳನೇ ತಿಂಗಳಿಗೆ ಬಿದ್ದಾಗ ಮಗಳನ್ನು ಕರೆತರಲು ಹೊರಟೆ. ಗೋಣಿಕೊಪ್ಪ ದಾಟಿ, ಕುಟ್ಟದಲ್ಲಿ ಬಸ್ಸು ಬದಲಿಸಿ, ಅವರ ಮನೆ ಸೇರುವಾಗ ಮಧ್ಯಾಹ್ನ ಮೂರು ಗಂಟೆ. ಅಳಿಯ ನನ್ನನ್ನು ಒಳಗೆ ಕೂರಿಸಿ, ಮಗಳ ಡ್ಯೂಟಿ ಮುಗಿಯುತ್ತದೆ, ಕರೆದುಕೊಂಡು ಬರುತ್ತೇನೆ ಅಂತ ಸ್ಕೂಟರ್ ಹತ್ತಿ ಹೋದ. ಮನೆಯಲ್ಲಿ ಬೀಗಿತಿ, ನಾನು, ಇಬ್ಬರೇ. ಆಕೆ ಟೀ ತಂದು ನನ್ನ ಮುಂದೆ ಇಟ್ಟು, ಹೊಸಿಲಿನ ಆಚೆ ಹೋಗಿ ಗೋಡೆಗೆ ಒರಗಿ ನಿಂತರು. ಕಣ್ಣು ಎತ್ತಲಿಲ್ಲ.

ನಾನು ಎದ್ದು ನಿಂತೆ. ನಾಲಿಗೆ ಒಣಗಿತು. ಮರೆತರೆ ನಿಂತು ನೆನಪು ಮಾಡಿಕೊಳ್ಳಿ ಅಂತ ಟೀಚರ್ ಅಂದಿದ್ದರಲ್ಲ, ನಿಂತುಕೊಂಡೆ.

“ಚೇಚ್ಚೀ, ಎನ್ನೋಡ್ ಕ್ಷಮಿಕ್ಕಣಂ,” ಅಂದೆ.

ಆಕೆ ತಲೆ ಎತ್ತಿದರು. ನನ್ನ ಬಾಯಿಂದ ಮಲಯಾಳಂ ಬಂದದ್ದಕ್ಕೋ, ಬಂದ ಮಾತಿಗೋ, ಕಣ್ಣು ಅಗಲವಾಯಿತು. ಎರಡನೇ ಮಾತನ್ನೂ ಹೇಳಿದೆ. ನಮ್ಮ ಕನ್ನಡದಲ್ಲಿ ಬೆಳಗಿನ ಪಲಹಾರಕ್ಕೆ ತಿಂಡಿ ಅನ್ನುತ್ತೇವೆ, ಅವತ್ತು ನಾನು ಕೇಳಿದ್ದು ಪಲಹಾರವಾಯಿತೇ ಅಂತ, ಬೇರೇನೂ ಅಲ್ಲ. ತಪ್ಪಿ, ತಡವರಿಸಿ, ನಡುವೆ ಕನ್ನಡ ಸೇರಿಸಿ ಅಂತೂ ಮುಗಿಸಿದೆ.

ಆಕೆ ಬಾಯಿಗೆ ಸೆರಗು ಹಿಡಿದರು. ಆಮೇಲೆ ಗಡಗಡನೆ ಏನೋ ಹೇಳತೊಡಗಿದರು. ಒಂದಕ್ಷರ ತಿಳಿಯಲಿಲ್ಲ. ನಾನು ಹೇಳಬೇಕಾದ್ದನ್ನು ಕಲಿತಿದ್ದೆ, ಅವರು ಹೇಳುವುದನ್ನು ಕೇಳಲು ಎಲ್ಲಿ ಕಲಿತಿದ್ದೆ? “ಪದುಕ್ಕೆ ಪರಯೂ,” ಅಂದೆ.

ಕೇಳಬಾರದಿತ್ತು. ಯಾಕೆಂದರೆ ಆಕೆ ನಿಧಾನಕ್ಕೆ, ಒಂದೊಂದೇ ಪದ ಬಿಡಿಸಿ ಹೇಳಬೇಕಾಯಿತು. ಗಂಡ ಸತ್ತರು. ಎಸ್ಟೇಟ್ ಮುಚ್ಚಿತು. ಮಗ ಇಷ್ಟಿದ್ದ ಅಂತ ನೆಲದಿಂದ ಕೈ ಎತ್ತಿ ತೋರಿಸಿದರು, ಮೊಣಕಾಲಿಗಿಂತ ಸ್ವಲ್ಪ ಮೇಲೆ. “ಞಾನ್ ತೆಂಡಿಯಿಟ್ಟುಂಡ್,” ಅಂದರು. ನನಗೆ ಗೊತ್ತಾಗಲಿಲ್ಲ ಅಂದುಕೊಂಡು ಇನ್ನೊಂದು ಸಲ ಹೇಳಿದರು. ಗೊತ್ತಾಗಿತ್ತು. ಅಷ್ಟು ಮಲಯಾಳದಲ್ಲಿ ಆ ಒಂದು ಪದವನ್ನು ನಾನು ಮರೆಯುವಂತೆಯೇ ಇರಲಿಲ್ಲ. ಆಕೆ ಭಿಕ್ಷೆ ಬೇಡಿದ್ದರು. ಮನೆಮನೆಗೆ ಹೋಗಿ, ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು, ಒಂದು ಮಳೆಗಾಲ. ನಾನು ಅದನ್ನು ಯಾರಿಂದಲೋ ತಿಳಿದುಕೊಂಡು ಮದುವೆಯ ದಿನ ಮುಖಕ್ಕೆ ಹೇಳಿದೆ ಅಂತ ಆಕೆ ತಿಳಿದಿದ್ದರು. ನಮ್ಮ ಮನೆಗೆ ಬಂದರೆ ಎಲ್ಲರ ಮುಂದೆ, ಮಗನ ಮುಂದೆ, ನಾನು ಮತ್ತೆ ಹೇಳಿಯೇನು ಅಂತ ಎರಡು ವರ್ಷ ಹೆದರಿದ್ದರು. ಹತ್ತನೇ ಕ್ಲಾಸಿನಿಂದ ನಾನು ಹೆದರಿದ್ದೆಲ್ಲ ಏನೂ ಅಲ್ಲ ಅನ್ನಿಸಿತು.

ಮೊಮ್ಮಗಳಿಗೆ ಐದು ತಿಂಗಳು ತುಂಬಿದ ಮೇಲೆ ಆಕೆಯೇ ಮಗನಿಗೆ ಇದನ್ನು ಹೇಳಿದರು. ಹೆಸರು ಹಾಕದಿದ್ದರೆ ಬರೆಯಬಹುದು ಅಂತ ನನಗೂ ಹೇಳಿದರು. ಇಲ್ಲದಿದ್ದರೆ ಈ ಮಾತು ನನ್ನ ಪೆನ್ನಿನಿಂದ ಬರುತ್ತಿರಲಿಲ್ಲ.

ಆದರೆ ಅವತ್ತು ಅವರು ನನ್ನ ಮುಂದೆ ಕೈ ಜೋಡಿಸಿದರು. “ಮೋನೋಡ್ ಪರಯರುದ್.” ಮಗನಿಗೆ ಹೇಳಬೇಡಿ ಅಂತ.

ನನಗೆ ಅಳು ಬಂದುಬಿಟ್ಟಿತು. ಮನೆಗೆ ಕರೆಯಲು ಇಟ್ಟುಕೊಂಡಿದ್ದ ಮೂರನೇ ಮಾತು ಎಲ್ಲಿ ಹೋಯಿತೋ. “ಯಾರ್ಗೂ ಹೇಳಲ್ಲ ಚೇಚ್ಚಿ. ನಮ್ಮನೆಗೆ ಬನ್ನಿ. ನನ್ನ ಮಗಳಿಗೆ ಅಮ್ಮ ಇಲ್ಲ,” ಅಂತ ಕನ್ನಡದಲ್ಲೇ ಅಂದೆ. ಆಕೆಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ತಲೆಯಾಡಿಸಲಿಲ್ಲ, ಬೇಡ ಅನ್ನಲೂ ಇಲ್ಲ. ಟೀ ಆರಿಹೋಯಿತು.

ಅಂಗಳದಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಮಗಳು ಇನ್ನೂ ಚಪ್ಪಲಿ ಬಿಡುತ್ತಿದ್ದಳು, ಅಳಿಯ ಮೊದಲು ಒಳಗೆ ಬಂದ. ಅಮ್ಮನ ಮುಖ ನೋಡಿದ, ನನ್ನನ್ನು ನೋಡಿದ, ಮತ್ತೆ ಅಮ್ಮನನ್ನು ನೋಡಿದ. ಯಾಕಮ್ಮ ಅಳುತ್ತಿದ್ದೀರಿ, ಏನಾಯಿತು ಅಂತ ಕೇಳಿದ. ಅವನ ದನಿ ಬಿಗಿಯಾಗಿತ್ತು. ಅವನು ಕೇಳಿದ್ದು ಮಲಯಾಳದಲ್ಲಿ, ಅದು ನನಗೆ ಅರ್ಥವಾಯಿತು. ಬೀಗಿತಿ ನನ್ನ ಕಡೆ ನೋಡಿದರು.

“ಒನ್ನುಮಿಲ್ಲ ಮೋನೆ,” ಅಂದೆ ನಾನು.

ಏನೂ ಇಲ್ಲ ಮಗನೇ. ಟೀಚರ್ ಅದನ್ನು ನನಗೆ ಕಲಿಸಿರಲಿಲ್ಲ, ನಾನು ಬ್ಯಾರನ್ನಿನಲ್ಲಿ ಕೂತು ಬಾಯಿಪಾಠ ಮಾಡಿರಲಿಲ್ಲ. ಎಲ್ಲೋ ಕಿವಿಗೆ ಬಿದ್ದದ್ದು, ಹೆದರಿಕೆಯಿಲ್ಲದೆ ನನ್ನ ಬಾಯಿಂದ ತಾನಾಗಿ ಬಂದ ಮೊದಲ ಮಲಯಾಳಂ. ಅದೂ ಸುಳ್ಳು.

ಅಳಿಯ ಬೆರಗಾಗಿ ನನ್ನನ್ನೇ ನೋಡುತ್ತಿದ್ದ. ಬೀಗಿತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅಟ್ಟದ ಮೇಲಿರುವ ದೊಡ್ಡ ಚೀಲ ಇಳಿಸಿಕೊಡು, ತನ್ನ ಬಟ್ಟೆಯನ್ನೂ ತುಂಬಬೇಕು ಅಂತ ಮಗನಿಗೆ ಹೇಳಿದರು.